ಇನ್ನೂ ಕೆಂಪು ಬೇಕು

ಮಗನ ಮದುವೆಯ ವಿಡಿಯೋಗೆ ಸಿನಿಮಾದಂಥ ಬಣ್ಣ ಕೊಡಿಸಬೇಕೆಂದು ಅತ್ತೆ ಸೊಸೆಯನ್ನೂ ಸ್ಟುಡಿಯೋಗೆ ಕರೆತಂದಿದ್ದಳು. ಮಗ ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ. ತನ್ನ ಹಣೆಯ ಕುಂಕುಮ ಅಳಿಸಿದ ಅತ್ತೆಯ ಕೈ ಪರದೆಯ ಮೇಲಿನದನ್ನೂ ಅಳಿಸೀತೆಂದು ಸೊಸೆ ಹೆದರಿದ್ದಳು.

ಅವಳ ಬೋಳು ಹಣೆ ನೋಡಿ ಸ್ಟುಡಿಯೋದವನು ಮೆಲ್ಲಗೆ ಕೇಳಿದ: “ಹಳೇ ಸಿನಿಮಾ ಥರ ಕಪ್ಪು ಬಿಳುಪು ಮಾಡಿಬಿಡಲಾ ಅಮ್ಮಾ?”

“ಬಿಡ್ತು ಅನ್ನಪ್ಪಾ! ಕುಂಕುಮಕ್ಕೆ ಇನ್ನೂ ಕೆಂಪು ಬೇಕು, ಧಗಧಗ ಅನ್ನಬೇಕು. ಹಸಿರು ಬಳೆ ಕಣ್ಣಿಗೆ ಹೊಡೀಬೇಕು. ಇವಳ ನಗು ನೋಡು, ಅದೂ ಬೆಳಗಲಿ.”

ಸೊಸೆಗೆ ಅಳು ಉಕ್ಕಿ ಬಂತು. “ಇಷ್ಟು ದಿನ ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ ಅತ್ತೆ,” ಎಂದು ಕೈ ಹಿಡಿದುಕೊಂಡಳು.

ಅತ್ತೆ ಕೈ ಬಿಡಿಸಿಕೊಂಡು ಸ್ಟುಡಿಯೋದವನಿಗೆ ಹೇಳಿದಳು: “ಟಿವಿ ಇವಳ ಕೋಣೇಲೇ ಇಡಿಸ್ತೀನಿ. ನನ್ನ ಮಗನ್ನ ತಿಂದೋಳು, ದಿನಾ ನೋಡ್ಕೊಂಡು ಸಾಯ್ಲಿ.”