ನಾಲ್ಕನೇ ವಾರ್ಡಿನ ಧ್ವನಿ

ನಮ್ಮ ಕಡೆ ಧ್ವನಿಯನ್ನು ನಲ್ಲಿ ನೀರಿನ ಹಾಗೆ ಓಣಿಗೆ ಇಷ್ಟು ಹೊತ್ತು ಎಂದು ಬಿಡುತ್ತಾರೆ. ಉಳಿದ ಹೊತ್ತು ಬಾಯಿ ತೆರೆದರೂ ಮಾತು ಹೊರಡುವುದಿಲ್ಲ. ಪಂಚಾಯಿತಿ ಸಭೆಗೆ ಸಿಗುವುದು ತಿಂಗಳಿಗೊಮ್ಮೆ, ಅರ್ಧ ತಾಸು.

ಅವತ್ತಿನ ಕೊನೆಯ ವಿಷಯ, ಮನೆಗಳು ಕಡಿಮೆಯೆಂದು ನಾಲ್ಕನೇ ವಾರ್ಡಿನ ಧ್ವನಿಯನ್ನು ಪೂರ್ತಿ ನಿಲ್ಲಿಸುವುದು. ಅಲ್ಲಿನ ಸದಸ್ಯೆ ಗುರುಬಾಯಿಯ ಮೊಮ್ಮಗಳು ಆಗಷ್ಟೇ ಮಾತು ಕಲಿಯುತ್ತಿದ್ದಳು.

ಧ್ವನಿ ಬಂದ ಕೂಡಲೇ ಗುರುಬಾಯಿ ಎದ್ದಳು. "ಅಧ್ಯಕ್ಷರೇ, ನಮ್ಮ ವಾರ್ಡಿಂದು ಮೊದಲು ತಗೋರಿ."

"ತಡಿಯವ್ವಾ, ಸ್ವಾಗತ ಆಗಬೇಕಲ್ಲ," ಎಂದರು ಅಧ್ಯಕ್ಷ ಸಂಗನಬಸಪ್ಪ.

"ದಿನಾ ನೋಡೋ ಮಾರಿಗೆ ಎಂಥಾ ಸ್ವಾಗತರಿ?"

ಎಲ್ಲರೂ ನಕ್ಕರು. ನಕ್ಕು ಸ್ವಾಗತಕ್ಕೇ ಕೂತರು. ಆಮೇಲೆ ಅಧ್ಯಕ್ಷರಿಗೆ ಹಾರ ಹಾಕಿದರು. ಸ್ವಾಗತದಲ್ಲಿ ತಮ್ಮ ಹೆಸರು ಬಿಟ್ಟರೆಂದು ಉಪಾಧ್ಯಕ್ಷರು ಬಹಳ ಹೊತ್ತು ಜಗಳವಾಡಿದರು. ಕೊನೆಯ ವಿಷಯ ಓದಿದ ಅಧ್ಯಕ್ಷರು "ಯಾರದಾದರೂ ವಿರೋಧ" ಎನ್ನುವಷ್ಟರಲ್ಲಿ ಧ್ವನಿ ನಿಂತಿತು.

ಗುರುಬಾಯಿಯ ಬಾಯಿ ಆಡುತ್ತಲೇ ಇತ್ತು. ವಿರೋಧವನ್ನು ಬಾಯಿಬಿಟ್ಟು ಹೇಳಬೇಕು, ಸುಮ್ಮನಿದ್ದವರು ಒಪ್ಪಿದಂತೆ. ಎಲ್ಲರಿಗೂ ಸದಾ ಧ್ವನಿಯಿದ್ದ ಕಾಲದಲ್ಲಿ ಮಾಡಿದ ನಿಯಮ ಅದು, ಯಾರೂ ತಿದ್ದಿರಲಿಲ್ಲ.

ಕಾರ್ಯದರ್ಶಿ ನಡಾವಳಿಯಲ್ಲಿ 'ಸರ್ವಾನುಮತ' ಎಂದು ಬರೆಯಲು ಬಗ್ಗಿದರು. ಗುರುಬಾಯಿ ನಿಧಾನವಾಗಿ ಎದ್ದು ಬಂದು ಆ ಹಾಳೆಯ ಮೇಲೆ ಅಂಗೈ ಊರಿದಳು. ಕಾರ್ಯದರ್ಶಿ ಅಧ್ಯಕ್ಷರ ಕಡೆ ನೋಡಿದರು. ಅಧ್ಯಕ್ಷರು ಕೊರಳಿನ ಹಾರ ನೋಡಿಕೊಂಡರು.

ಅವಳು ಇನ್ನೊಂದು ಕೈಯಿಂದ ಕುರ್ಚಿ ಎಳೆದುಕೊಂಡು ಕೂತಳು. ಕೈ ತೆಗೆ ಎಂದು ಹೇಳಲು ಯಾರಿಗೂ ಧ್ವನಿಯಿರಲಿಲ್ಲ.