ಜಮಖಾನದ ಅಡಿಯ ಎಲೆಗಳು

ಇದು ಶುರುವಾದದ್ದು ಮೂರು ವರ್ಷದ ಹಿಂದಿನ ಮಾಗಿಯಲ್ಲಿ, ಸಂಜೆ ನಾಲ್ಕರ ಹೊತ್ತಿಗೆ, ಭದ್ರಾವತಿಯ ಒಂದು ಕಾಲೇಜು ಮೈದಾನದಲ್ಲಿ. ಎಲ್ಲ ಊರಿನಂತೆ ಅಲ್ಲಿಯೂ ಜನ ಕೂಗಿದ ಬೈಗುಳ ಒಣಗಿದ ಎಲೆಯಾಗಿ ಉದುರುತ್ತಿತ್ತು, ತುಳಿದರೆ ಮತ್ತೆ ಕೂಗುತ್ತಿತ್ತು. ಅದನ್ನು ಗುಡಿಸಿ ಸುಡುವುದು ಹನುಮಕ್ಕನ ಕೆಲಸ. ಅವತ್ತು ಫುಟ್‌ಬಾಲ್ ಕೋಚ್ ಫಾಲಾಕ್ಷ, ಮೊಣಕಾಲು ಊದಿದ್ದ ಅವಳ ಮಗ ತಿಪ್ಪೇಶನನ್ನು ಬೈದು, ಬಲವಂತವಾಗಿ ಆಟಕ್ಕಿಳಿಸಿದ. ಹುಡುಗನ ಕಾಲೂ ಹೋಯಿತು, ಪಂದ್ಯವೂ ಹೋಯಿತು. ಆಮೇಲೆ ಹನುಮಕ್ಕ ಒಂದು ಎಲೆಯನ್ನೂ ಸುಡಲಿಲ್ಲ, ಮೂಟೆ ಕಟ್ಟಿಟ್ಟಳು.

ಈ ವರ್ಷ ಒಂಬತ್ತು ಪಂದ್ಯ ಸೋತರೂ ಫಾಲಾಕ್ಷನನ್ನೇ ಮುಂದುವರಿಸಿ ಕಾಲೇಜಿನವರು ಸನ್ಮಾನ ಇಟ್ಟುಕೊಂಡರು. ವೇದಿಕೆಯ ಜಮಖಾನದ ಅಡಿ ಹನುಮಕ್ಕ ತನ್ನ ಮೂಟೆಯನ್ನೆಲ್ಲ ಹರವಿದಳು.

ಫಾಲಾಕ್ಷ ಜಮಖಾನದ ಮೇಲೆ ಹೆಜ್ಜೆಯಿಟ್ಟ. ಅಡಿಯ ಎಲೆಗಳು ಕೂಗಿದವು.

"ಗೋಲ್ ಬಿಡಕ್ಕೆ ಸಂಬಳ ಏನ್ಲಾ ನಿಂಗೆ?"

"ಮನೆಗ್ ಹೋಗಯ್ಯಾ, ಎಮ್ಮೆ ಕಾಯಿ!"

ಜನ ನಕ್ಕರು. ಅವನೂ ನಕ್ಕ. "ಬೈಸ್ಕೊಂಡು ರೂಢಿ ಬಿಡ್ರಪ್ಪ," ಎಂದು ಕುರ್ಚಿಯಲ್ಲಿ ಕೂತು ಕಾಲು ಚಾಚಿದ. ಆ ಪಂದ್ಯದ ದಿನದಿಂದ ಮೂರು ವರ್ಷ ಹನುಮಕ್ಕನ ಸೆರಗಿನ ಗಂಟಿನಲ್ಲಿದ್ದ ಎಲೆ ಅವನ ಪಾದದಡಿ ಇತ್ತು.

"ಏಳೋ ಕುಂಟ, ನಾಟಕ ಆಡ್ಬೇಡ!"

ಯಾರೂ ನಗಲಿಲ್ಲ.

"ಇದು ಯಾರ ದನಿ ಸಾರ್?" ಎಂದಳು ಹನುಮಕ್ಕ, ಪೊರಕೆ ಊರಿಕೊಂಡು.

ಹಾರ ತಟ್ಟೆಯಲ್ಲೇ ಉಳಿಯಿತು. ಮಾರನೆಯ ದಿನ, ಶುಕ್ರವಾರ, ಫಾಲಾಕ್ಷ ಊರು ಬಿಟ್ಟ.