ದೊಡ್ಡವರ ವಿಭಾಗ

ಸಿಂಚನಾ ಜ್ವರದಿಂದ ತೀರಿಕೊಂಡ ಮೇಲೂ ಅವಳ ಆನ್‌ಲೈನ್ ಆಟವನ್ನು ತಾಯಿ ವಾರಿಜಾ ನಿಲ್ಲಿಸಲಿಲ್ಲ. ಮಗಳ ಹೆಸರಿನಲ್ಲೇ ಲಾಗಿನ್ ಆಗಿ, ಅವಳು ಆಟದೊಳಗೆ ಕಟ್ಟಿದ್ದ ಪುಟ್ಟ ಊರಿಗೆ ಹೊಸ ಮನೆಗಳನ್ನು ಸೇರಿಸುತ್ತಿದ್ದಳು. ಅಲ್ಲಿನ ಗೆಳೆಯರಿಗೆ ವಿಷಯ ತಿಳಿಸಲು ಅವಳಿಂದ ಆಗಿರಲಿಲ್ಲ. ಅವರಲ್ಲಿ ಪ್ರಣೀತ್ ಎಂಬ ಹುಡುಗ ದಿನಾ ಬರುತ್ತಿದ್ದ.

"ಸಿಂಚು, ಊಟ ಆಯ್ತಾ?" ಎಂದು ಕೇಳುತ್ತಿದ್ದ.

"ಆಯ್ತು ಕಣೋ, ನಿಂದು?" ಎಂದು ವಾರಿಜಾ ಮಗಳ ಹಾಗೆಯೇ ಬರೆಯುತ್ತಿದ್ದಳು.

ಒಂದು ಸಂಜೆ ಆಟ ತೆರೆಯುವ ಮುನ್ನ ವಯಸ್ಸಿನ ತಪಾಸಣೆ ಎದುರಾಯಿತು. ಇನ್ನು ಮುಂದೆ ಎಲ್ಲರೂ ಕ್ಯಾಮೆರಾಗೆ ಮುಖ ತೋರಿಸಬೇಕು; ದೊಡ್ಡವರಿಗೆ ಮಕ್ಕಳು ಕಾಣುವುದಿಲ್ಲ, ಮಕ್ಕಳಿಗೆ ದೊಡ್ಡವರು ಕಾಣುವುದಿಲ್ಲ. ಬೇರೆ ದಾರಿ ತೋಚದೆ ವಾರಿಜಾ ಮುಖ ತೋರಿಸಿದಳು. ದೊಡ್ಡವರ ವಿಭಾಗ ತೆರೆದುಕೊಂಡಿತು. ಮಗಳ ಗೆಳೆಯರ ಹೆಸರುಗಳು ಒಂದೊಂದಾಗಿ ಮಾಯವಾದವು.

ಪ್ರಣೀತನ ಹೆಸರು ಮಾತ್ರ ಹಾಗೇ ಉಳಿಯಿತು.

ವಾರಿಜಾ ಆ ಹೆಸರನ್ನು ಮತ್ತೊಮ್ಮೆ ಓದಿದಳು. ಹಾಗಾದರೆ ಇವನು ಮಗುವಲ್ಲ. ಇಷ್ಟು ದಿನ ಮಗಳ ಊಟ, ನಿದ್ದೆ ವಿಚಾರಿಸುತ್ತಿದ್ದವನು ಯಾರೋ ವಯಸ್ಸಾದ ಮನುಷ್ಯ.

"ಯಾರು ನೀನು? ಚಿಕ್ಕ ಹುಡುಗ ಅಂತ ನಂಬಿಸಿ ನನ್ನ ಮಗಳ ಹತ್ರ ಮಾತಾಡ್ತಿದ್ದೀಯಾ? ನಾನು ಸಿಂಚನಾ ಅಮ್ಮ. ಪೊಲೀಸರಿಗೆ ಕೊಡ್ತೀನಿ ನಿನ್ನ!" ಎಂದು ಬರೆದಳು.

ಪರದೆಯ ಮೇಲೆ ಅಕ್ಷರಗಳು ಮೂಡಿದವು.

"ಕ್ಷಮಿಸಿ ಮೇಡಂ, ನಾನು ಪ್ರಣೀತನ ಅಮ್ಮ. ಅವನು ತೀರ್ಕೊಂಡು ವರ್ಷ ಆಯ್ತು. ದಯವಿಟ್ಟು ನಿಮ್ಮ ಮಗಳಿಗೆ ಹೇಳ್ಬೇಡಿ, ಅವಳ ಪಾಲಿಗಾದ್ರೂ ಅವನು ಬದುಕಿರ್ಲಿ."